ಬರದ ಹೆಸರಲ್ಲಿ ಬಂದ ಹಳಿ: ಸದರ್ನ್ ಮರಾಠಾ ರೈಲ್ವೆಯ ಕಥೆ

ಧಾರವಾಡದ ಕರ್ನಾಟಕ ಕಾಲೇಜಿನ ಹಳೆಯ ಕಲ್ಲಿನ ಕಟ್ಟಡವನ್ನು ನೀವು ನೋಡಿರಬಹುದು. ಕಾಲೇಜು ಶುರುವಾದದ್ದು 1917ರಲ್ಲಿ. ಆದರೆ ಆ ಕಟ್ಟಡ ಕಾಲೇಜಿಗಾಗಿ ಕಟ್ಟಿದ್ದಲ್ಲ. ಅದು ಒಂದು ರೈಲ್ವೆ ಕಂಪನಿಯ ಮುಖ್ಯ ಕಚೇರಿ. ಪುಣೆಯಿಂದ ಬೆಂಗಳೂರಿನವರೆಗೆ, ಗೋವಾದ ಗಡಿಯಿಂದ ಕೃಷ್ಣಾ ತೀರದ ಬೆಜವಾಡದವರೆಗೆ (ಈಗಿನ ವಿಜಯವಾಡ) ಓಡುತ್ತಿದ್ದ ಗಾಡಿಗಳ ಲೆಕ್ಕಪತ್ರವೆಲ್ಲ ಒಂದು ಕಾಲದಲ್ಲಿ ಅಲ್ಲಿಗೆ ಬಂದು ಸೇರುತ್ತಿತ್ತು. ಆ ಕಂಪನಿಯ ಹೆಸರು ಸದರ್ನ್ ಮರಾಠಾ ರೈಲ್ವೆ.

ಹೆಸರು ಕೇಳಿದರೆ ಇದು ಮಹಾರಾಷ್ಟ್ರದ್ದು ಅನ್ನಿಸುತ್ತದೆ, ಅಲ್ವಾ? ಆದರೆ ಅದರ ಹಳಿ ಹೆಚ್ಚಾಗಿ ಹಾದುಹೋದದ್ದು ಕನ್ನಡ ಮಾತಾಡುವ ಊರುಗಳಲ್ಲಿ. ವಿಜಯಪುರ, ಬಾಗಲಕೋಟೆ, ಗದಗ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಹೊಸಪೇಟೆ, ಬಳ್ಳಾರಿ, ಹರಿಹರ, ಅರಸೀಕೆರೆ, ತುಮಕೂರು. ಈ ಪಟ್ಟಿ ನೋಡಿದರೆ ಅದನ್ನು ಕರ್ನಾಟಕ ರೈಲ್ವೆ ಎಂದೇ ಕರೆಯಬಹುದಿತ್ತು. 1818ರಲ್ಲಿ ಪೇಶ್ವೆಯನ್ನು ಸೋಲಿಸಿದ ಮೇಲೆ ಬ್ರಿಟಿಷರು ಧಾರವಾಡ, ಬೆಳಗಾವಿ ಸೀಮೆಯನ್ನು 'ದಕ್ಷಿಣ ಮರಾಠಾ ದೇಶ' ಎಂದು ಕರೆದರು. ಅಲ್ಲಿಯ ಜನ ಏನು ಮಾತಾಡುತ್ತಾರೆ ಅನ್ನುವುದನ್ನು ನೋಡಲಿಲ್ಲ. ಯಾರ ಕೈಯಿಂದ ಕಿತ್ತುಕೊಂಡೆವು ಅನ್ನುವುದನ್ನು ನೋಡಿ ಹೆಸರಿಟ್ಟರು. ಅದೇ ಹೆಸರು ರೈಲಿಗೂ ಅಂಟಿಕೊಂಡಿತು.

ಈ ಕಂಪನಿಯ ಚರಿತ್ರೆ ಓದಲು ಕೂತರೆ ಮೊದಲು ತಲೆ ತಿರುಗುತ್ತದೆ. ಒಂದು ಕಡೆ ಸರ್ಕಾರಿ ಲೈನು ಎಂದಿರುತ್ತದೆ, ಇನ್ನೊಂದು ಕಡೆ ಕಂಪನಿ ಲೈನು ಎಂದಿರುತ್ತದೆ. ಮೈಸೂರು ಸಂಸ್ಥಾನದ ಹೆಸರೂ ಬರುತ್ತದೆ, ಪೋರ್ಚುಗೀಸರ ಹೆಸರೂ ಬರುತ್ತದೆ. ನನಗೆ ಇದನ್ನು ಬಿಡಿಸಿಕೊಳ್ಳಲು ನೆರವಾದದ್ದು ಮೂರು ಸರಳ ಪ್ರಶ್ನೆಗಳು. ಹಳಿ ಯಾರದು? ಗಾಡಿ ಓಡಿಸುವವರು ಯಾರು? ನಷ್ಟವಾದರೆ ದುಡ್ಡು ಕಟ್ಟುವವರು ಯಾರು? ಈಗಿನವರಿಗೆ ಮೂರಕ್ಕೂ ಒಂದೇ ಉತ್ತರ, ಭಾರತೀಯ ರೈಲ್ವೆ. ಆಗ ಮೂರಕ್ಕೂ ಬೇರೆ ಬೇರೆ ಉತ್ತರ ಇರುತ್ತಿತ್ತು.

ಧಾತು ಬರ

ಕಥೆ ಶುರುವಾಗುವುದು 1876ರ ಬರದಿಂದ. ಧಾತು ಸಂವತ್ಸರದಲ್ಲಿ ಬಂದದ್ದಕ್ಕೆ ನಮ್ಮ ಹಿರಿಯರು ಅದನ್ನು ಧಾತು ಬರ ಎಂದರು. ಮಳೆ ಕೈಕೊಟ್ಟಿತು. ಮರುವರ್ಷವೂ ಕೈಕೊಟ್ಟಿತು. ಮೈಸೂರು ಸಂಸ್ಥಾನದ ಜನಗಣತಿಯ ಎರಡು ಅಂಕಿ ಸಾಕು, ಆ ಎರಡು ವರ್ಷ ಹೇಗಿತ್ತು ಅನ್ನುವುದಕ್ಕೆ. 1871ರಲ್ಲಿ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ನಾಡು ಎಂಟೂವರೆ ಲಕ್ಷಕ್ಕೂ ಜಾಸ್ತಿ ಜನರನ್ನು ಕಳೆದುಕೊಂಡಿತು.

ಬಳ್ಳಾರಿ, ಧಾರವಾಡ, ಆಗಿನ ಕಲಾದಗಿ ಜಿಲ್ಲೆಗಳಲ್ಲೂ ಇದೇ ಗತಿ. ಇಲ್ಲಿ ಒಂದು ವಿಷಯ ಗಮನಿಸಬೇಕು. ಬ್ರಿಟಿಷ್ ಭಾರತದಲ್ಲಿ ಎಲ್ಲೂ ಧಾನ್ಯವೇ ಇರಲಿಲ್ಲ ಅಂತಲ್ಲ. ಧಾನ್ಯ ಇದ್ದ ಕಡೆಯಿಂದ ಇಲ್ಲಿಗೆ ತರುವ ದಾರಿ ಇರಲಿಲ್ಲ. ಕಲಾದಗಿಯಂಥ ಜಿಲ್ಲೆಗೆ ಜೋಳ ಬರಬೇಕಾದರೆ ಚಕ್ಕಡಿಯಲ್ಲೇ ಬರಬೇಕು. ಚಕ್ಕಡಿ ಎಳೆಯಲು ಎತ್ತು ಬೇಕು. ಎತ್ತಿಗೆ ದಾರಿಯುದ್ದಕ್ಕೂ ಮೇವು, ನೀರು ಬೇಕು. ಬರದಲ್ಲಿ ಮೊದಲು ಸಾಯುವುದೇ ದನ. ಹೀಗಾಗಿ ಯಾವಾಗ ಗಾಡಿ ಹೆಚ್ಚು ಬೇಕೋ ಆಗಲೇ ಗಾಡಿ ನಿಂತುಹೋಗುತ್ತಿತ್ತು.

ಬರ ಮುಗಿದ ಮೇಲೆ ಸರ್ಕಾರ ಒಂದು ಬರ ಆಯೋಗ ನೇಮಿಸಿತು. ರಿಚರ್ಡ್ ಸ್ಟ್ರಾಚಿ ಅದರ ಅಧ್ಯಕ್ಷರು. 1880ರಲ್ಲಿ ವರದಿ ಬಂತು. ಆಗ ಇಡೀ ದೇಶದಲ್ಲಿ ಇದ್ದದ್ದು 9 ಸಾವಿರ ಮೈಲಿ ಚಿಲ್ಲರೆ ರೈಲು ಹಾದಿ. ಬರದಿಂದ ಕಾಪಾಡಬೇಕಾದರೆ ಒಟ್ಟು 20 ಸಾವಿರ ಮೈಲಿ ಬೇಕು, ಅದರಲ್ಲಿ 5 ಸಾವಿರ ಮೈಲಿ ಕೂಡಲೇ ಬೇಕು ಎಂದು ಆಯೋಗ ಹೇಳಿತು. ಆ ಹೊತ್ತಿನಲ್ಲೇ ರೈಲು ಹಾದಿಗಳನ್ನು ಎರಡಾಗಿ ಬೇರೆ ಮಾಡುವ ರೂಢಿ ಬಂತು. ಒಂದು, ಲಾಭ ತರುವ ಲೈನು. ಇನ್ನೊಂದು, ಲಾಭ ಬರದಿದ್ದರೂ ಜನರ ಜೀವ ಉಳಿಸಲಿಕ್ಕೆ ಹಾಕುವ ರಕ್ಷಣೆಯ ಲೈನು. ಜನರ ಬಾಯಲ್ಲಿ ಹೇಳುವುದಾದರೆ ಬರದ ಲೈನು.

ನಮ್ಮ ಸೀಮೆಗೆ ಬಂದದ್ದು ಈ ಬರದ ಲೈನು. ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ಗದಗದವರೆಗೆ ಹಳಿ ಹಾಕುವುದಕ್ಕೆ 1882ರಲ್ಲಿ ಲಂಡನ್ನಿನಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಆ ಹಾದಿ ಶುರುವಾಯಿತು.

ಆ ಹಾದಿಯಲ್ಲಿ ಹೋದವರಿಗೆ ಗೊತ್ತು, ಎಷ್ಟು ಹೊಳೆ ದಾಟಬೇಕು ಅಂತ. ಭೀಮಾ, ಕೃಷ್ಣಾ, ಘಟಪ್ರಭಾ, ಮಲಪ್ರಭಾ. ಬರ ಬೀಳುವ ಸೀಮೆಯಲ್ಲಿ ಇಷ್ಟು ದೊಡ್ಡ ನದಿಗಳು ಹರಿಯುತ್ತವೆ ಅನ್ನುವುದೇ ಮನಸ್ಸನ್ನು ಕಲಕುವ ಮಾತು. ಹೊಳೆಆಲೂರಿನ ಹತ್ತಿರ ಮಲಪ್ರಭೆಯನ್ನು ದಾಟುವಾಗಲೆಲ್ಲ ನನಗೆ ಇದೇ ಯೋಚನೆ ಬರುತ್ತದೆ. ನೀರನ್ನು ಹೊಲಕ್ಕೆ ತಿರುಗಿಸುವ ಬದಲು ಮೊದಲು ಹಳಿಯನ್ನೇ ಯಾಕೆ ಹಾಕಿದರು? ಈ ಪ್ರಶ್ನೆಯನ್ನು ಆ ಕಾಲದಲ್ಲೇ ಕೇಳಿದವರಿದ್ದರು. ರೈಲೋ ನೀರಾವರಿಯೋ ಅನ್ನುವ ಜಗಳ ಸರ್ಕಾರದ ಒಳಗೂ ಹೊರಗೂ ವರ್ಷಗಟ್ಟಲೆ ನಡೆಯಿತು. ದುಡ್ಡಿನ ವಿಷಯಕ್ಕೆ ಬಂದರೆ ಗೆದ್ದದ್ದು ಹೆಚ್ಚಾಗಿ ರೈಲು.

ಖಾತ್ರಿ ಬಡ್ಡಿ ಅಂದರೆ ಏನು

ಈಗ ದುಡ್ಡಿನ ಮಾತು. ಈ ಕಥೆಯ ಗುಟ್ಟು ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ.

ಭಾರತದಲ್ಲಿ ರೈಲು ಶುರುವಾದಾಗ ಲಂಡನ್ನಿನ ಹಣವಂತರು ಇಲ್ಲಿ ದುಡ್ಡು ಹಾಕಲು ಹಿಂದೆಮುಂದೆ ನೋಡಿದರು. ಕಾಣದ ದೇಶ, ಕಾಣದ ವ್ಯಾಪಾರ. ಅದಕ್ಕೆ ಸರ್ಕಾರ 1849ರಲ್ಲಿ ಒಂದು ಭರವಸೆ ಕೊಟ್ಟಿತು. ನೀವು ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 5 ಬಡ್ಡಿ ನಾವು ಖಾತ್ರಿ ಮಾಡುತ್ತೇವೆ. ಗಾಡಿ ದುಡಿದರೆ ಆ ದುಡಿಮೆಯಿಂದ ತಗೊಳ್ಳಿ. ದುಡಿಯದಿದ್ದರೆ ಕೊರತೆಯನ್ನು ಸರ್ಕಾರ ತುಂಬುತ್ತದೆ. ಭೂಮಿಯೂ ಪುಕ್ಕಟೆ. ಸರ್ಕಾರ ತುಂಬುತ್ತದೆ ಅಂದರೆ ಇಲ್ಲಿಯ ರೈತ ಕಟ್ಟಿದ ಕಂದಾಯದಿಂದ, ಬಡವ ಕೊಂಡ ಉಪ್ಪಿನ ಮೇಲಿನ ಸುಂಕದಿಂದ ತುಂಬುತ್ತದೆ ಎಂದೇ ಅರ್ಥ.

ಈ ಏರ್ಪಾಟಿನಲ್ಲಿ ಖರ್ಚು ಹಿಡಿತದಲ್ಲಿಡುವ ಅಗತ್ಯ ಯಾರಿಗೂ ಇರಲಿಲ್ಲ. ಎಷ್ಟು ಖರ್ಚು ಮಾಡಿದರೂ ಅದರ ಮೇಲೆ ಬಡ್ಡಿ ಬರುತ್ತದಲ್ಲ! ಹೀಗಾಗಿ 1869ರ ಹೊತ್ತಿಗೆ ಸರ್ಕಾರ ಈ ಪದ್ಧತಿ ಬಿಟ್ಟು ತಾನೇ ಹಳಿ ಹಾಕಲು ಹೊರಟಿತು. ಆದರೆ ಬರ, ಅಫ್ಘಾನಿಸ್ತಾನದ ಯುದ್ಧ ಎರಡೂ ಸೇರಿ ಬೊಕ್ಕಸ ಬರಿದಾಯಿತು. ಮತ್ತೆ ಕಂಪನಿಗಳನ್ನೇ ಕರೆಯಬೇಕಾಯಿತು. ಈ ಸಲ ಷರತ್ತು ಬಿಗಿ ಮಾಡಿದರು.

ಸದರ್ನ್ ಮರಾಠಾ ಈ ಎರಡನೇ ಸುತ್ತಿನ ಕಂಪನಿ. ಇಲ್ಲಿ ಹಳಿ ಸರ್ಕಾರದ್ದು. ಕಂಪನಿ ಲಂಡನ್ನಿನಲ್ಲಿ ಬಂಡವಾಳ ಎತ್ತಿ ಕೊಡುತ್ತದೆ, ಹಳಿ ಹಾಕಿಸುತ್ತದೆ, ಗಾಡಿ ಓಡಿಸುತ್ತದೆ. ಅಂದರೆ ಒಡೆಯನಲ್ಲ, ಒಡೆಯನ ಪರವಾಗಿ ನಡೆಸುವ ಗುತ್ತಿಗೆದಾರ. ಖಾತ್ರಿ ಬಡ್ಡಿಯೂ ಮೊದಲಿನ 5ಕ್ಕಿಂತ ಕಡಿಮೆ. ಲಾಭ ಬಂದರೆ ಅದರಲ್ಲಿ ಒಂದು ಪಾಲು ಮಾತ್ರ ಕಂಪನಿಗೆ.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮೂರನೇ ಪ್ರಶ್ನೆ ಕೇಳಿ ನೋಡಿ. ನಷ್ಟವಾದರೆ ಕಟ್ಟುವವರು ಯಾರು? ಈಗಲೂ ಇಲ್ಲಿಯ ಜನರೇ. ಬರದ ಲೈನು ಅಂದಮೇಲೆ ಮೊದಮೊದಲು ಲಾಭ ಬರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಲಂಡನ್ನಿನಲ್ಲಿ ಷೇರು ಕೊಂಡವರಿಗೆ ಮಾತ್ರ ಇಲ್ಲಿ ಮಳೆ ಬಂದರೂ ಒಂದೇ, ಬಾರದಿದ್ದರೂ ಒಂದೇ. ಬಡ್ಡಿ ತಪ್ಪುತ್ತಿರಲಿಲ್ಲ.

ಒಂದು ಮೀಟರ್ ಅಗಲದ ಲೋಕ

ಹಳಿಯ ಅಗಲದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಅದಿಲ್ಲದೆ ಈ ಕಂಪನಿಯ ಹಣೆಬರಹ ಅರ್ಥವಾಗುವುದಿಲ್ಲ.

ಮುಂಬೈ, ಮದ್ರಾಸಿನ ಹಳೆಯ ಕಂಪನಿಗಳು ಹಾಕಿದ್ದು ಬ್ರಾಡ್‌ಗೇಜ್. ಎರಡು ಕಂಬಿಗಳ ನಡುವೆ 1676 ಮಿಲಿಮೀಟರ್. 1870ರ ಸುಮಾರಿಗೆ ವೈಸರಾಯ್ ಮೇಯೋ ಅವರ ಸರ್ಕಾರ ಖರ್ಚು ಉಳಿಸಲು ಸಣ್ಣ ಗೇಜ್ ಆರಿಸಿತು. ಆಗ ಭಾರತದಲ್ಲಿ ಮೆಟ್ರಿಕ್ ಅಳತೆ ತರುವ ಯೋಚನೆಯೂ ಇತ್ತು. ಅದಕ್ಕೇ ಸರಿಯಾಗಿ ಒಂದು ಮೀಟರ್. ಸದರ್ನ್ ಮರಾಠಾ ಹಾಕಿದ್ದೂ ಮೀಟರ್‌ಗೇಜ್. ಹಗುರ ಕಂಬಿ, ಸಣ್ಣ ಡಬ್ಬಿ, ಸಣ್ಣ ಎಂಜಿನ್. ಊರಿಗೆ ಸುತ್ತು ಹಾಕಿ ಹೋದರೆ ಖರ್ಚು ಎಂದು ಎಷ್ಟೋ ಕಡೆ ಊರನ್ನು ಬಿಟ್ಟು ನೇರವಾಗಿ ಹೋದರು. ಇಂಡಿ ರೋಡ್, ಗುಳೇದಗುಡ್ಡ ರೋಡ್, ಗೋಕಾಕ್ ರೋಡ್ ಅಂತ ಹೆಸರುಗಳಿವೆಯಲ್ಲ, ಅವೆಲ್ಲ ಊರಿನಿಂದ ದೂರ ಇರುವ ನಿಲ್ದಾಣಗಳೇ.

ತೊಂದರೆ ಇದ್ದದ್ದು ಅಂಚಿನಲ್ಲಿ. ಗದಗಿನಲ್ಲಿ ತುಂಬಿದ ಹತ್ತಿ ಅಂಡಿಗೆ ಹೊಟಗಿಗೆ ಬಂದರೆ ಅಲ್ಲಿ ಮುಂಬೈ ಕಡೆಯ ಬ್ರಾಡ್‌ಗೇಜ್. ಸಣ್ಣ ವ್ಯಾಗನ್ ದೊಡ್ಡ ಹಳಿಯ ಮೇಲೆ ಹೋಗುವುದಿಲ್ಲ. ಹಮಾಲರು ಅಂಡಿಗೆಯನ್ನೆಲ್ಲ ಇಳಿಸಿ, ಪಕ್ಕದ ವ್ಯಾಗನ್ನಿಗೆ ಏರಿಸಬೇಕು. ಪುಣೆಯಲ್ಲೂ ಇದೇ ಕಥೆ. ಬೆಂಗಳೂರಿನಲ್ಲೂ ಇದೇ, ಏಕೆಂದರೆ ಜೋಲಾರಪೇಟೆಯಿಂದ 1864ರಲ್ಲಿ ಬಂದ ಮದ್ರಾಸ್ ಹಾದಿ ಬ್ರಾಡ್‌ಗೇಜ್. ಒಂದೊಂದು ಇಳಿಸಿ ಏರಿಸುವಿಕೆಗೂ ಕೂಲಿ, ಸಮಯ, ಒಂದಿಷ್ಟು ಮಾಲಿನ ಹಾನಿ.

ಪಶ್ಚಿಮದ ಕಡಲಿಗೆ ಗೇಜ್ ಬದಲಿಸದೆ ಹೋಗಬಹುದಾದ ಬಂದರು ಒಂದೇ ಒಂದಿತ್ತು. ಅದು ಬ್ರಿಟಿಷರದ್ದಾಗಿರಲಿಲ್ಲ.

ಕಾರವಾರಕ್ಕೆ ಬರಬೇಕಿದ್ದ ರೈಲು

ಹತ್ತಿಯ ಕಥೆಗೆ ಬರೋಣ. ಧಾರವಾಡ ಸೀಮೆಯ ಕರಿ ಎರೆಮಣ್ಣಿನಲ್ಲಿ ಹತ್ತಿ ಚೆನ್ನಾಗಿ ಬರುತ್ತದೆ. ರೈಲು ಬರುವ ಮುಂಚೆ ಅದು ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬೈ. ಬೆಳೆದದ್ದು ಧಾರವಾಡದ ಎರೆಹೊಲದಲ್ಲಿ, ಆದರೆ ಪೇಟೆಯಲ್ಲಿ ಆ ಹತ್ತಿಗೆ ಬಿದ್ದ ಹೆಸರು 'ಕುಮಟಾ'.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಯ ಹತ್ತಿ ಬರುವುದು ನಿಂತಿತು. ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ಧಾರವಾಡದ ಮೇಲೆ ಬಿತ್ತು. ಅವರು ಒತ್ತಾಯ ಮಾಡಿದ್ದು ಕಾರವಾರದಲ್ಲಿ ದೊಡ್ಡ ಬಂದರು ಬೇಕು ಎಂದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯೇ ಇತ್ತು. ಹತ್ತಿ ಬೆಳೆಯುವ ಜಿಲ್ಲೆ, ಹತ್ತಿ ಸಾಗಿಸುವ ಬಂದರು ಎರಡೂ ಒಂದೇ ಪ್ರಾಂತದಲ್ಲಿರಲಿ ಎಂದು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಘಟ್ಟದ ರಸ್ತೆಗಳು ಬಂದವು. ಹುಬ್ಬಳ್ಳಿಯಿಂದ ರೈಲು ಬಂದೇ ಬರುತ್ತದೆ ಎಂದು ನಂಬಿ ದುಡ್ಡು ಸುರಿದ ವ್ಯಾಪಾರಿಗಳಿದ್ದರು.

ರೈಲು ಬರಲಿಲ್ಲ. ಯುದ್ಧ 1865ರಲ್ಲಿ ಮುಗಿದು ಹತ್ತಿಯ ಬೆಲೆ ಬಿತ್ತು. ಆಮೇಲೆ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ 1878ರಲ್ಲಿ ಒಂದು ಒಪ್ಪಂದ ಆಯಿತು. ಗೋವಾದ ಮರ್ಮಗೋವಾದಲ್ಲಿ ಬಂದರು ಕಟ್ಟಿ, ಅಲ್ಲಿಂದ ಬ್ರಿಟಿಷ್ ಗಡಿಯವರೆಗೆ ರೈಲು ಹಾಕುವುದು ಅದರ ಒಂದು ಭಾಗ. ಇನ್ನೊಂದು ಭಾಗ ಉಪ್ಪಿನದು. ಗೋವಾದ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರ ಕೈಗೆ ಬಂತು. ಸುಂಕ ಕಟ್ಟದ ಉಪ್ಪು ಗಡಿ ದಾಟಿ ಬರಬಾರದು ಅನ್ನುವುದು ಅವರ ಚಿಂತೆ. ನೋಡಿ, ರೈಲಿನ ಕಥೆ ಎಲ್ಲಿ ತೆಗೆದರೂ ಉಪ್ಪಿನ ಹತ್ತಿರ ಬಂದು ನಿಲ್ಲುತ್ತದೆ.

ಗೋವಾದ ಒಳಗಿನ ಹಾದಿಗೆ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಅಂತ ಬೇರೆಯೇ ಕಂಪನಿ. ಹೆಸರು ಪೋರ್ಚುಗೀಸ್, ಬಂಡವಾಳ ಲಂಡನ್ನಿನದು, ಬಡ್ಡಿಯ ಖಾತ್ರಿ ಪೋರ್ಚುಗಲ್ ಸರ್ಕಾರದ್ದು. ಕಡಲ ದಂಡೆಯಿಂದ ಬ್ರಿಟಿಷ್ ಗಡಿಯ ಕ್ಯಾಸಲ್‌ರಾಕ್‌ವರೆಗೆ 80 ಕಿಲೋಮೀಟರ್ ಚಿಲ್ಲರೆ. ಅದರಲ್ಲಿ ಘಟ್ಟ ಹತ್ತುವ ಭಾಗ ತುಂಬಾ ಕಷ್ಟದ್ದು. ಸುಮಾರು ನಲವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಏರುವ ಕಡಿದಾದ ದಾರಿ. ದಟ್ಟ ಕಾಡು, ಸುರಂಗದ ಮೇಲೆ ಸುರಂಗ, ಮಧ್ಯದಲ್ಲಿ ದೂಧಸಾಗರದ ಜಲಪಾತದ ಎದುರಿಗೇ ಸೇತುವೆ. ಇಂದು ನಾವು ಕಿಟಕಿಯಲ್ಲಿ ಮುಖ ಇಟ್ಟು ಫೋಟೊ ತೆಗೆಯುವ ಆ ಜಾಗದಲ್ಲಿ ಮಲೇರಿಯಾ, ಮಳೆ, ಬಂಡೆಗಳ ನಡುವೆ ದುಡಿದ ಕೂಲಿಗಳ ಹೆಸರು ಎಲ್ಲೂ ಬರೆದಿಲ್ಲ.

1888ರಲ್ಲಿ ಎರಡೂ ಕಡೆಯ ಹಳಿಗಳು ಕ್ಯಾಸಲ್‌ರಾಕ್‌ನಲ್ಲಿ ಕೂಡಿದವು. ಸದರ್ನ್ ಮರಾಠಾದ ಹಾದಿ ಅಲ್ಲಿಂದ ಲೋಂಡಾ, ಧಾರವಾಡ, ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಯ ಮೂಲಕ ಗುಂತಕಲ್ಲಿಗೆ. ಇದಾದ ಮೇಲೆ ಕುಮಟಾ, ಕಾರವಾರಗಳ ಹತ್ತಿ ವ್ಯಾಪಾರ ಒಣಗುತ್ತಾ ಬಂತು. ಘಟ್ಟ ಇಳಿಯುತ್ತಿದ್ದ ಸಾವಿರಾರು ಎತ್ತುಗಳ ಸಾಲು ನಿಂತಿತು.

ಮರ್ಮಗೋವಾಕ್ಕಾದರೂ ಪೂರ್ತಿ ಲಾಭ ಆಯಿತೇ? ಅದೂ ಇಲ್ಲ. ಮುಂಬೈಯಲ್ಲಿ ಗಿರಣಿ ಇತ್ತು, ಬ್ಯಾಂಕ್ ಇತ್ತು, ದಲಾಲರು ಇದ್ದರು, ವಾರವಾರ ಹಡಗು ಇತ್ತು. ಇಳಿಸಿ ಏರಿಸುವ ಖರ್ಚಾದರೂ ವ್ಯಾಪಾರಿಗೆ ಮುಂಬೈಯೇ ಹತ್ತಿರ. ಹೀಗಾಗಿ ಗೋವಾದ ಹಾದಿ ಬಹಳ ಕಾಲ ನಷ್ಟದಲ್ಲೇ ನಡೆಯಿತು. 1892ರಲ್ಲಿ ಒಪ್ಪಂದವೂ ಮುಗಿಯಿತು. ಕೊನೆಗೆ 1902ರಲ್ಲಿ ಆ ಹಾದಿಯನ್ನು ನಡೆಸುವ ಹೊಣೆಯನ್ನು ಸದರ್ನ್ ಮರಾಠಾವೇ ವಹಿಸಿಕೊಂಡಿತು.

ಮೈಸೂರಿನ ಸಾಲ

ಮೈಸೂರು ಸಂಸ್ಥಾನ ಇದರಲ್ಲಿ ಹೇಗೆ ಬಂತು ಅನ್ನುವುದು ನನಗೆ ಅತ್ಯಂತ ನೋವಿನ ಭಾಗ.

ಬೆಂಗಳೂರು–ಮೈಸೂರು ಹಾದಿಯನ್ನು ಸಂಸ್ಥಾನ ತನ್ನ ದುಡ್ಡಿನಲ್ಲೇ ಹಾಕಿತು. ಧಾತು ಬರದಲ್ಲಿ ಹೊಟ್ಟೆಗಿಲ್ಲದೆ ಬಂದ ಜನರಿಗೆ ಕೆಲಸ ಕೊಡಲು ಮಣ್ಣಿನ ಕೆಲಸ ಶುರು ಮಾಡಿದರು. 1881ರಲ್ಲಿ ಬೆಂಗಳೂರಿನಿಂದ ಈಗಿನ ರಾಮನಗರದವರೆಗೆ ಗಾಡಿ ಓಡಿತು, 1882ರಲ್ಲಿ ಮೈಸೂರು ಮುಟ್ಟಿತು. ಇನ್ನೊಂದು ಕಡೆ ತುಮಕೂರು ದಾಟಿ 1884ರಲ್ಲಿ ಗುಬ್ಬಿಗೆ ಹೋಯಿತು. ಅಲ್ಲಿಗೆ ದುಡ್ಡು ಮುಗಿಯಿತು.

ಗುಬ್ಬಿಯಿಂದ ಹರಿಹರಕ್ಕೆ ಹಳಿ ಹೋದರೆ ಸದರ್ನ್ ಮರಾಠಾವನ್ನು ಮುಟ್ಟಬಹುದು, ಆಗ ಪುಣೆಯವರೆಗೆ ದಾರಿ ತೆರೆಯುತ್ತದೆ. ಆದರೆ ಬರದ ಸಾಲದಿಂದ ಸಂಸ್ಥಾನ ಇನ್ನೂ ಎದ್ದಿರಲಿಲ್ಲ. ಆಗ ದಿವಾನರು ಕೆ. ಶೇಷಾದ್ರಿ ಅಯ್ಯರ್. 1886ರಲ್ಲಿ ಕಂಪನಿಯೊಂದಿಗೆ ಒಪ್ಪಂದವಾಯಿತು. ಕಂಪನಿ ಲಂಡನ್ನಿನಲ್ಲಿ ಸುಮಾರು 12 ಲಕ್ಷ ಪೌಂಡ್ ಸಾಲ ಎತ್ತುವುದು, ಶೇಕಡಾ 4 ಬಡ್ಡಿಗೆ ಮೈಸೂರು ಹೊಣೆ, ಸಂಸ್ಥಾನದ ಹಾದಿಗಳನ್ನು ಕಂಪನಿ ನಡೆಸುವುದು. 1889ರಲ್ಲಿ ಹರಿಹರ ಮುಟ್ಟಿತು. ತನ್ನ ದುಡ್ಡಿನಲ್ಲಿ ಕಟ್ಟಿದ ರೈಲನ್ನು ಒತ್ತೆ ಇಟ್ಟು ಮುಂದಿನ ರೈಲು ಕಟ್ಟಿದ ಹಾಗಾಯಿತು.

ಇಲ್ಲಿ ಇನ್ನೊಂದು ಕಾಣದ ಹೊರೆ ಇತ್ತು. ಸಾಲ ಪೌಂಡಿನಲ್ಲಿ, ಗಾಡಿಯ ದುಡಿಮೆ ರೂಪಾಯಿಯಲ್ಲಿ. ಆಗ ರೂಪಾಯಿ ಬೆಳ್ಳಿಯದು, ಪೌಂಡ್ ಚಿನ್ನದ್ದು. ಲೋಕದಲ್ಲಿ ಬೆಳ್ಳಿಯ ಬೆಲೆ ಬೀಳುತ್ತಾ ಹೋಯಿತು. 1870ರ ಸುಮಾರಿಗೆ ಒಂದು ಪೌಂಡಿಗೆ 10 ರೂಪಾಯಿ ಚಿಲ್ಲರೆ. 1886ರ ಹೊತ್ತಿಗೆ ಹದಿಮೂರೂವರೆ ದಾಟಿತ್ತು. 1894–95ರಲ್ಲಿ 18ನ್ನೂ ದಾಟಿತು. ಸುಮ್ನೆ ಲೆಕ್ಕ ಹಾಕಿ. 12 ಲಕ್ಷ ಪೌಂಡಿಗೆ ಶೇಕಡಾ 4 ಅಂದರೆ ವರ್ಷಕ್ಕೆ 48 ಸಾವಿರ ಪೌಂಡ್ ಬಡ್ಡಿ. ಸಾಲ ಎತ್ತಿದ ವರ್ಷ ಅದು ಸುಮಾರು ಆರೂವರೆ ಲಕ್ಷ ರೂಪಾಯಿ. ಎಂಟು ವರ್ಷ ಕಳೆಯುವುದರೊಳಗೆ ಎಂಟೂವರೆ ಲಕ್ಷದ ಮೇಲೆ. ಬಡ್ಡಿಯ ದರ ಒಂದು ಕಾಸೂ ಏರಲಿಲ್ಲ, ಆದರೆ ಹೊರೆ ಎರಡು ಲಕ್ಷ ಏರಿತು. ಇಡೀ ಭಾರತದ ರೈಲುಗಳಿಗೆ ತಗುಲಿದ ಪೆಟ್ಟು ಇದೇ. ದಾದಾಭಾಯಿ ನವರೋಜಿಯವರಂಥವರು ದೇಶದ ಹಣ ಹೊರಗೆ ಹರಿದುಹೋಗುತ್ತಿದೆ ಎಂದು ಲೆಕ್ಕ ಮುಂದಿಟ್ಟು ವಾದ ಮಾಡಿದಾಗ ಅದರಲ್ಲಿ ರೈಲಿನ ಬಡ್ಡಿಯೂ ಸೇರಿತ್ತು.

ಒಂದೇ ಗಾಡಿ, ನಾಲ್ಕು ಒಡೆಯರು

ಈಗ 1903ರ ಸುಮಾರಿಗೆ ಮರ್ಮಗೋವಾದಿಂದ ಬೆಂಗಳೂರಿಗೆ ಹೊರಟವರೊಬ್ಬರನ್ನು ನೆನೆಸಿಕೊಳ್ಳೋಣ. ಹತ್ತಿದ್ದು ಪೋರ್ಚುಗೀಸರ ನೆಲದಲ್ಲಿ. ಹಳಿ ಗೋವಾ ಕಂಪನಿಯದು, ನಡೆಸುವವರು ಸದರ್ನ್ ಮರಾಠಾದವರು. ಕ್ಯಾಸಲ್‌ರಾಕ್‌ನಲ್ಲಿ ಸುಂಕದವರು ಪೆಟ್ಟಿಗೆ ಬಿಚ್ಚಿಸುತ್ತಾರೆ. ಅಲ್ಲಿಂದ ಹಳಿ ಬ್ರಿಟಿಷ್ ಭಾರತ ಸರ್ಕಾರದ್ದು. ಲೋಂಡಾದಲ್ಲಿ ಇಳಿದು ಬೆಳಗಾವಿ, ಮೀರಜದ ಕಡೆಗೆ ಹೋದರೆ ಅಲ್ಲಿ ಕೊಲ್ಹಾಪುರದ ದರ್ಬಾರು ಹಾಕಿಸಿದ ಹಾದಿಯೊಂದು ಮೀರಜದಿಂದ ಒಡೆಯುತ್ತದೆ. ಅದನ್ನೂ ನಡೆಸುವುದು ಇದೇ ಕಂಪನಿ. ನಮ್ಮ ಪ್ರಯಾಣಿಕರು ಹುಬ್ಬಳ್ಳಿಯ ಕಡೆಗೇ ಬರುತ್ತಾರೆ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಮೈಸೂರು ಸಂಸ್ಥಾನ. ಹಳಿ ಮಹಾರಾಜರ ಸರ್ಕಾರದ್ದು. ಗಾಡಿ ಮಾತ್ರ ಅದೇ, ಗಾರ್ಡಿನ ಸೀಟಿ ಅದೇ, ಟಿಕೆಟ್ಟಿನ ಮೇಲಿನ ಹೆಸರು ಅದೇ.

ಗಡಿಯಾರದ ಸಮಯ ಕೂಡ ಬೇರೆಯೇ. 1906ರಲ್ಲಿ ಇಡೀ ದೇಶಕ್ಕೆ ಒಂದೇ ಸಮಯ ಬರುವವರೆಗೆ ರೈಲುಗಳು ಮದ್ರಾಸಿನ ಸಮಯದಲ್ಲಿ ಓಡುತ್ತಿದ್ದವು. ಮುಂಬೈ ಸಮಯಕ್ಕಿಂತ ಅದು ಅರ್ಧ ಗಂಟೆ ಮುಂದೆ.

ಹುಬ್ಬಳ್ಳಿ ಈ ಜಾಲದ ನಡುಮನೆಯಾಯಿತು. 1880ರ ದಶಕದಲ್ಲಿ ಅಲ್ಲಿ ಎಂಜಿನ್, ಡಬ್ಬಿ ರಿಪೇರಿಯ ದೊಡ್ಡ ವರ್ಕ್‌ಶಾಪ್ ಬಂತು. ಕಬ್ಬಿಣ ಕಾಯಿಸುವವರು, ಬಾಯ್ಲರ್ ಬಲ್ಲವರು, ಫಿಟರುಗಳು ಬಂದರು. ತೆಲುಗರು, ತಮಿಳರು, ಆಂಗ್ಲೋ ಇಂಡಿಯನ್ನರು ಗದಗ ರಸ್ತೆಯ ಸುತ್ತ ನೆಲೆಸಿದರು. ಮೇಲಿನ ಹುದ್ದೆಗಳು ಯುರೋಪಿಯನ್ನರಿಗೆ, ಸುತ್ತಿಗೆ ಇಲ್ಲಿಯವರ ಕೈಗೆ. ಆದರೂ ತಿಂಗಳಿಗೊಮ್ಮೆ ಕೈಗೆ ಸಂಬಳ ಬರುವ ಕೆಲಸವೊಂದನ್ನು ಆ ಸೀಮೆಯ ಎಷ್ಟೋ ಮನೆಗಳು ಮೊದಲ ಸಲ ಕಂಡದ್ದು ಇಲ್ಲೇ. ಗದಗ, ಹುಬ್ಬಳ್ಳಿಯಲ್ಲಿ ಹತ್ತಿ ಜಿನ್ನು, ಪ್ರೆಸ್ಸುಗಳು ಎದ್ದವು. ವಿಜಯಪುರಕ್ಕೆ ರೈಲು ಬಂದ ಮರುವರ್ಷವೇ, 1885ರಲ್ಲಿ, ಜಿಲ್ಲಾ ಕೇಂದ್ರ ಕಲಾದಗಿಯಿಂದ ಅಲ್ಲಿಗೆ ಎದ್ದುಹೋಯಿತು. ಒಂದು ಕಾಲದ ಜಿಲ್ಲಾ ಪಟ್ಟಣ ಕಲಾದಗಿಯನ್ನು ಇಂದು ದಾಳಿಂಬೆ, ಚಿಕ್ಕುಹಣ್ಣಿನ ಊರೆಂದು ಗುರುತಿಸುತ್ತೇವೆ.

ರೈಲು ರೋಗವನ್ನೂ ತಂದಿತು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಗೆ ಬಂತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದವರ ಮೂಲಕ ಬೆಂಗಳೂರಿಗೂ ತಗುಲಿತು. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಮೈ ಮುಟ್ಟಿ ನೋಡುವುದು, ಶಂಕೆ ಬಂದರೆ ಬೇರೆ ಇಡುವುದು ಶುರುವಾಯಿತು. ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ ಬೆಳಕಿನ ಬಡಾವಣೆ ಬೇಕು ಎಂಬ ಮಾತಿಗೆ ಬಲ ಬಂದು ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಈ ಪ್ಲೇಗಿನ ಕಾಲದಲ್ಲೇ.

ಬರದ ಲೈನು ಬರವನ್ನು ತಡೆಯಿತೇ ಅನ್ನುವುದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. 1896–97ರಲ್ಲಿ, ಮತ್ತೆ 1899–1900ರಲ್ಲಿ ಮಳೆ ಕೈಕೊಟ್ಟಾಗ ಧಾನ್ಯ ರೈಲಿನಲ್ಲಿ ಬಂತು. ಧಾತು ಬರದ ಹಾಗೆ ಧಾನ್ಯವೇ ಕಾಣದೆ ಊರಿಗೆ ಊರೇ ಬರಿದಾಗುವುದು ತಪ್ಪಿತು. ಆದರೆ ಬಂದ ಧಾನ್ಯಕ್ಕೆ ಬೆಲೆ ಇತ್ತು. ರೈಲು ಮಾಡುವುದು ಏನೆಂದರೆ ಎಲ್ಲ ಊರಿನ ಬೆಲೆಯನ್ನೂ ಒಂದು ಮಟ್ಟಕ್ಕೆ ತರುವುದು. ಬೇರೆಲ್ಲೋ ಬೆಲೆ ಏರಿದರೆ ಇಲ್ಲಿಯ ಜೋಳವೂ ಅದೇ ಗಾಡಿ ಹತ್ತಿ ಹೋಗುತ್ತಿತ್ತು. ಕೈಯಲ್ಲಿ ದುಡ್ಡಿಲ್ಲದ ಕೂಲಿಗೆ, ನೇಕಾರನಿಗೆ ಅಂಗಡಿಯಲ್ಲಿ ಧಾನ್ಯ ಇದ್ದೂ ಇಲ್ಲದಂತೆಯೇ. ರೈಲು ಊರಿನ ಬರವನ್ನು ಕಡಿಮೆ ಮಾಡಿತು, ಬಡವನ ಮನೆಯ ಬರವನ್ನು ಅಷ್ಟಾಗಿ ಮುಟ್ಟಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಧಾರವಾಡದಿಂದ ಮದ್ರಾಸಿಗೆ

ಹಳೆಯ ಮದ್ರಾಸ್ ರೈಲ್ವೆ ಕಂಪನಿ ಮೊದಲ ಸುತ್ತಿನದು, ಶೇಕಡಾ 5ರ ಕಾಲದ್ದು. ಅದರ ಕರಾರು 1907ರ ಕೊನೆಗೆ ಮುಗಿದು ಸರ್ಕಾರ ಅದನ್ನು ಕೊಂಡುಕೊಂಡಿತು. ನಂತರ ಅದರ ಹಾದಿಗಳನ್ನು ಎರಡು ಪಾಲು ಮಾಡಿತು. ಜೋಲಾರಪೇಟೆಯಿಂದ ಮಲಬಾರಿನ ಮೂಲಕ ಮಂಗಳೂರಿಗೆ ಹೋಗುವ ಹಾದಿ ಸೌತ್ ಇಂಡಿಯನ್ ರೈಲ್ವೆಗೆ ಹೋಯಿತು. ಉಳಿದದ್ದು, ಬೆಂಗಳೂರಿನ ಹಾದಿಯೂ ಸೇರಿ, ಸದರ್ನ್ ಮರಾಠಾದ ಕೈಗೆ. 1908ರ ಜನವರಿ 1ರಿಂದ ಹೊಸ ಹೆಸರು: ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಹಳಬರ ಬಾಯಲ್ಲಿ ಎಂ.ಎಸ್.ಎಂ. ಎರಡು ಕಂಪನಿ ಕೂಡಿದವು ಎಂದು ಬರೆಯುವುದುಂಟು. ನಿಜಕ್ಕೂ ನಡೆದದ್ದು ಒಂದು ಕಂಪನಿ ಮುಗಿದು, ಅದರ ಹಳಿಗಳು ಇನ್ನೊಂದರ ಕೈಗೆ ಬಂದದ್ದು. ಆದರೆ ದೊಡ್ಡ ಊರು ಮದ್ರಾಸ್. ಕಚೇರಿ ಅಲ್ಲಿಗೇ ಹೋಯಿತು. ಧಾರವಾಡದ ಕಟ್ಟಡ ಖಾಲಿಯಾಯಿತು, ಆಮೇಲೆ ಅಲ್ಲಿ ವಿದ್ಯಾರ್ಥಿಗಳು ಬಂದರು.

ಮೈಸೂರು ತನ್ನ ಹಾದಿಗಳನ್ನು ಬಿಟ್ಟುಕೊಡಲಿಲ್ಲ. ಸಂಸ್ಥಾನ ತನ್ನದೇ ರೈಲ್ವೆ ಇಲಾಖೆ ಬೆಳೆಸಿಕೊಂಡಿತು, ಮೈಸೂರು–ಅರಸೀಕೆರೆ ಹಾದಿಯನ್ನು ತಾನೇ ಕಟ್ಟಿತು. 1919ರಲ್ಲಿ ಬೆಂಗಳೂರು–ಮೈಸೂರು ಮತ್ತು ಬೀರೂರು–ಶಿವಮೊಗ್ಗ ಹಾದಿಗಳನ್ನು ವಾಪಸು ತಗೊಂಡಿತು. ಬೆಂಗಳೂರು–ಹರಿಹರ ಕೈಗೆ ಬಂದದ್ದು 1938ರಲ್ಲಿ. ಒತ್ತೆ ಇಟ್ಟ ಒಡವೆ ಬಿಡಿಸಿಕೊಳ್ಳಲು ಅರ್ಧ ಶತಮಾನ ಹಿಡಿಯಿತು.

1944ರ ಏಪ್ರಿಲ್ 1ರಂದು ಸರ್ಕಾರ ಎಂ.ಎಸ್.ಎಂ. ಅನ್ನು ನೇರವಾಗಿ ವಹಿಸಿಕೊಂಡಿತು. 1951ರ ಏಪ್ರಿಲ್ 14ರಂದು ಅದು, ಸೌತ್ ಇಂಡಿಯನ್, ಮೈಸೂರು ಸಂಸ್ಥಾನದ ರೈಲ್ವೆ ಮೂರೂ ಸೇರಿ ದಕ್ಷಿಣ ರೈಲ್ವೆ ಆಯಿತು. ಗೋವಾದ ತುಂಡು ಹೊರಗೇ ಉಳಿಯಿತು. 1955ರಲ್ಲಿ ಗಡಿ ಮುಚ್ಚಿದಾಗ ಗಾಡಿ ನಿಂತಿತು, 1961ರಲ್ಲಿ ಗೋವಾ ಬಿಡುಗಡೆಯಾದ ಮೇಲೆ ಮತ್ತೆ ಭಾರತದ ಜಾಲಕ್ಕೆ ಬಂತು.

ನಮ್ಮ ನಾಡು ಒಂದಾಗುವ ಮೊದಲು ಮುಂಬೈ ಪ್ರಾಂತ, ಮದ್ರಾಸ್ ಪ್ರಾಂತ, ಮೈಸೂರು ಸಂಸ್ಥಾನ ಮುಂತಾಗಿ ಹರಿದು ಹಂಚಿಹೋಗಿತ್ತು. ಧಾರವಾಡ, ಬಳ್ಳಾರಿ, ಬೆಂಗಳೂರು ಮೂರೂ ಬೇರೆ ಬೇರೆ ಸರ್ಕಾರದ ಕೆಳಗೆ. ಆದರೆ ಮೂರೂ ಒಂದೇ ಮೀಟರ್ ಅಗಲದ ಹಳಿಯ ಮೇಲಿದ್ದವು. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಜೊತೆಗೇ ಕರ್ನಾಟಕ ಏಕೀಕರಣದ ಪರಿಷತ್ತೂ ನಡೆದಾಗ ಬೇರೆ ಬೇರೆ ಸರ್ಕಾರದ ಕನ್ನಡಿಗರು ಒಂದೆಡೆ ಸೇರುವುದಕ್ಕೆ ಎಂ.ಎಸ್.ಎಂ.ನ ದಾರಿ ಇತ್ತು. ಕಂಪನಿಗೆ ಅಂಥ ಯಾವ ಉದ್ದೇಶವೂ ಇರಲಿಲ್ಲ. ಹತ್ತಿ, ಧಾನ್ಯ, ಬಡ್ಡಿ ಇಷ್ಟೇ ಅದರ ಲೆಕ್ಕ. ಆದರೂ ಹಾಗೆ ಆಯಿತು, ಮತ್ತು ಅದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ.

2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆ ಹುಟ್ಟಿ ಅದರ ಮುಖ್ಯ ಕಚೇರಿ ಹುಬ್ಬಳ್ಳಿಗೆ ಬಂತು. ಧಾರವಾಡದಿಂದ ಮದ್ರಾಸಿಗೆ ಹೋದದ್ದು 95 ವರ್ಷಗಳ ನಂತರ ಇಪ್ಪತ್ತು ಕಿಲೋಮೀಟರ್ ಆಚೆಗೆ ಮರಳಿತು. ಮೀಟರ್‌ಗೇಜ್ ಹೋಗಿ ಎಲ್ಲೆಡೆ ಬ್ರಾಡ್‌ಗೇಜ್ ಆಗಿದೆ, ಹೊಟಗಿಯಲ್ಲಿ ಈಗ ಯಾರೂ ಅಂಡಿಗೆ ಇಳಿಸಿ ಏರಿಸುವುದಿಲ್ಲ. ಕಾರವಾರಕ್ಕೆ ಕೊಂಕಣ ರೈಲು ಬಂದಿದೆ. ಹುಬ್ಬಳ್ಳಿಯಿಂದ ಘಟ್ಟ ಇಳಿದು ಆ ಕರಾವಳಿಗೆ ಹೋಗುವ ಹಳಿಯ ಮಾತು, ಈಗ ಅಂಕೋಲೆಯ ಹೆಸರಿನಲ್ಲಿ, ಕಾಡು ಉಳಿಸುವವರ ಮತ್ತು ರೈಲು ಕೇಳುವವರ ನಡುವೆ ಇನ್ನೂ ನಡೆಯುತ್ತಿದೆ.